ಮೊದಲು ಸತ್ತ ಕೋಳಿಯ ಲೆಕ್ಕ

ನಾನು ಪಶುವೈದ್ಯನಲ್ಲ. ಓದಿದ್ದು ಮೆಟ್ರಿಕ್, ಮಾಡಿದ್ದು ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ. ಇಂಥವನು ಕೋಳಿಗಳಿಗೆ ಬರುವ ಹಕ್ಕಿ ಜ್ವರದ ಬಗ್ಗೆ ಏನು ಹೇಳಿಯಾನು ಎಂದು ನಿಮಗೆ ಅನ್ನಿಸಬಹುದು. ಹಕ್ಕಿ ಜ್ವರ ಎಂದರೆ ನಮ್ಮ ಎಡಪ್ಪಾಡಿ ಕಡೆ ಕನ್ನಡ ಮನೆಗಳಲ್ಲೂ ಅರ್ಧ ಜನ ‘ಏನದು?’ ಎಂದು ಕೇಳುತ್ತಾರೆ. ‘ಪರವೈ ಕಾಯ್ಚಲ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಇದು ನಮ್ಮ ಬದುಕು. ಆಸ್ಪತ್ರೆಯ ಬೋರ್ಡು, ಅರ್ಜಿ, ನೋಟೀಸು ಎಲ್ಲವೂ ತಮಿಳಿನಲ್ಲಿರುವುದರಿಂದ ನಮ್ಮ ಹಿರಿಯ ಹೆಂಗಸರು ಎಷ್ಟೋ ವಿಷಯ ತಿಳಿಯದೆ ಉಳಿದುಬಿಡುತ್ತಾರೆ. ಮನೆಯಲ್ಲಿ ಕೋಳಿ ಸಾಕುವವರೂ ಅವರೇ. ಅವರು ಕೇಳಲಿ ಎಂದು ಈ ಮಾತು.

ಇನ್ನೊಂದು ಕಾರಣವಿದೆ. ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಮೊದಲು ಅದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

ನಾನು ನಿವೃತ್ತನಾದ ಮರುವರ್ಷ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ನಮ್ಮ ಮನೆಯಲ್ಲಿ ಹದಿನಾರು ನಾಟಿ ಕೋಳಿ, ಮಗ ಸಾಕಿದ್ದ ಎರಡು ಜೂಜಿನ ಹುಂಜ ಇದ್ದವು. ಒಂದು ಬುಧವಾರ ಬೆಳಿಗ್ಗೆ ನನ್ನ ಹೆಂಡತಿ ಪಂಜರ ಎತ್ತಿದಾಗ ಎರಡು ಹೇಂಟೆ ಸತ್ತು ಬಿದ್ದಿದ್ದವು. ಸಂಜೆಗೆ ಮತ್ತೆ ಮೂರು. ಗುರುವಾರ ಮಧ್ಯಾಹ್ನದೊಳಗೆ ಒಟ್ಟು ಒಂಬತ್ತು. ‘ಡಾಕ್ಟರಿಗೆ ಒಂದು ಮಾತು ಹೇಳಿ’ ಎಂದಳು ಆಕೆ. ‘ವರ್ಷ ವರ್ಷ ಬರುವ ಕೊಕ್ಕರೆ ರೋಗ, ಡಾಕ್ಟರು ಬಂದು ಮಾಡುವುದೇನು?’ ಎಂದೆ ನಾನು. ಬಾಯಲ್ಲಿ ಹೇಳಿದ್ದು ಅದು. ಮನಸ್ಸಿನಲ್ಲಿದ್ದದ್ದು ಬೇರೆ. ಡಾಕ್ಟರು ಬಂದರೆ ಬೀದಿಗೆಲ್ಲ ತಿಳಿಯುತ್ತದೆ, ಶನಿವಾರ ಸಂತೆಯಲ್ಲಿ ಹುಂಜ ಮಾರಲು ಆಗುವುದಿಲ್ಲ. ಸತ್ತವನ್ನು ಚೀಲಕ್ಕೆ ಹಾಕಿ ಕತ್ತಲಾದ ಮೇಲೆ ಹಳ್ಳಕ್ಕೆ ಎಸೆದು ಬಂದೆ. ಶನಿವಾರ ಎರಡು ಹುಂಜ, ಉಳಿದ ಏಳು ಕೋಳಿಗಳನ್ನು ಕೊಂಗಣಾಪುರದ ಸಂತೆಗೆ ಒಯ್ದು ಮಾರಿದೆ. ನಮ್ಮ ಸುತ್ತಿನಲ್ಲಿ ಆ ಸಂತೆ ಎಂಥದೆಂದು ನಿಮಗೆ ಗೊತ್ತು. ಆಡು, ಕುರಿ, ಜೂಜಿನ ಹುಂಜ ಕೊಳ್ಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಒಂದು ಹುಂಜವನ್ನು ಕೊಂಡವನ ಮುಖ ಕೂಡ ಇವತ್ತು ನನಗೆ ನೆನಪಿಲ್ಲ.

ಮುಂದಿನ ವಾರ ಎದುರು ಮನೆಯ ವಿಧವೆಯೊಬ್ಬರ ಕೋಳಿಗಳು ಸಾಯತೊಡಗಿದವು. ಇಪ್ಪತ್ತೆರಡು ಕೋಳಿ, ಆಕೆಯ ಚೀಟಿ ಹಣಕ್ಕೆ ಅವುಗಳ ಮೊಟ್ಟೆಯೇ ಆಧಾರ. ‘ಅಣ್ಣಾ, ನಿಮ್ಮ ಮನೆಯಲ್ಲಿ ಏನಾದರೂ ಸತ್ತಿತ್ತೇ?’ ಎಂದು ಕೇಳಿದರು. ‘ಒಂದೆರಡು’ ಎಂದೆ.

ಅದು ಹಕ್ಕಿ ಜ್ವರ ಎಂದು ನಾನು ಹೇಳುತ್ತಿಲ್ಲ. ಕೊಕ್ಕರೆ ರೋಗವೇ ಇದ್ದಿರಬಹುದು. ಆದರೆ ಯಾವುದೆಂದು ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವಂತೆಯೂ ಇಲ್ಲ. ನೋಡಬೇಕಾದ ಹಕ್ಕಿಗಳನ್ನು ನಾನೇ ಹಳ್ಳಕ್ಕೆ ಎಸೆದಿದ್ದೆ.

ಈಗ ರೋಗದ ವಿಷಯಕ್ಕೆ ಬರೋಣ. ಕೊಕ್ಕರೆ ರೋಗಕ್ಕೆ ಪುಸ್ತಕದಲ್ಲಿ ರಾಣಿಖೇತ್ ರೋಗ ಎನ್ನುತ್ತಾರೆ. ನಮ್ಮ ದೇಶದಲ್ಲಿ ಅದನ್ನು ಮೊದಲು ಗುರುತಿಸಿದ್ದು 1920ರ ದಶಕದ ಕೊನೆಯಲ್ಲಿ, ಹಿಮಾಲಯದ ಕಡೆಯ ರಾಣಿಖೇತ್ ಎಂಬ ಊರಿನಲ್ಲಿ. ತಮಿಳಿನಲ್ಲಿ ‘ವೆಳ್ಳೈ ಕಳಿಚ್ಚಲ್’ ಎನ್ನುವುದು ಇದನ್ನೇ. ಹಕ್ಕಿ ಜ್ವರ ಬೇರೆ. ಅದು ಇನ್‌ಫ್ಲುಯೆಂಜಾ ಜಾತಿಯ ವೈರಸ್ಸಿನಿಂದ ಬರುತ್ತದೆ. ಪತ್ರಿಕೆಗಳಲ್ಲಿ ಎಚ್5ಎನ್1, ಎಚ್5ಎನ್8 ಎಂದೆಲ್ಲ ಬರೆಯುವುದು ಅದರ ಬಗೆಗಳನ್ನು. ನೀರಹಕ್ಕಿಗಳು ಅದನ್ನು ಹೊತ್ತು ತಿರುಗುತ್ತವೆ. ಬಾತುಕೋಳಿ ಆರೋಗ್ಯವಾಗಿ ಕಾಣುತ್ತಲೇ ರೋಗ ಹರಡಬಲ್ಲದು. ಕೋಳಿಗೆ ತಗುಲಿದರೆ ಮಾತ್ರ ಎರಡು ಮೂರು ದಿನಕ್ಕೆ ಶೆಡ್ಡು ಖಾಲಿ.

ಎರಡು ರೋಗಕ್ಕೂ ಹೊರಗಿನ ಗುರುತು ಹೆಚ್ಚು ಕಡಿಮೆ ಒಂದೇ. ಕೋಳಿ ತೂಕಡಿಸುತ್ತದೆ, ಮೇವು ಬಿಡುತ್ತದೆ, ಉಸಿರಿಗೆ ಕಷ್ಟಪಡುತ್ತದೆ, ಕತ್ತು ತಿರುಚುತ್ತದೆ, ಬೇದಿ ಮಾಡುತ್ತದೆ. ಮೊಟ್ಟೆ ನಿಲ್ಲುತ್ತದೆ, ಇಟ್ಟರೂ ಚಿಪ್ಪು ಮೆತ್ತಗೆ. ಜುಟ್ಟು ನೀಲಿಗಟ್ಟುವುದು, ತಲೆ ಊದುವುದು, ಕಾಲಿನ ಮೇಲೆ ರಕ್ತದ ಕಲೆ ಕಾಣುವುದು ಹಕ್ಕಿ ಜ್ವರದ ಕಡೆಗೆ ಕೈ ತೋರಿಸುತ್ತವೆ. ಆದರೂ ಕಣ್ಣಿನಿಂದ ನೋಡಿ ತೀರ್ಪು ಹೇಳುವುದು ವೈದ್ಯರಿಗೂ ಆಗದ ಕೆಲಸ. ಒಂದು ಮಾತು ಮಾತ್ರ ನೆನಪಿಡಿ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಾಟಿ ಕೋಳಿಗಳಿಗೆ ವೆಳ್ಳೈ ಕಳಿಚ್ಚಲಿನ ಲಸಿಕೆ ಶಿಬಿರ ನಡೆಸುತ್ತಾರೆ. ಲಸಿಕೆ ಹಾಕಿಸಿದ ಕೋಳಿಯೂ ಹಿಂಡು ಹಿಂಡಾಗಿ ಸತ್ತರೆ, ‘ವರ್ಷ ವರ್ಷ ಬರುವುದೇ’ ಎಂಬ ನನ್ನ ಹಾಗಿನವರ ಮಾತಿಗೆ ಬೆಲೆ ಕೊಡಬೇಡಿ.

ನಮ್ಮ ದೇಶಕ್ಕೆ ಈ ರೋಗ ಕೋಳಿಗಳಲ್ಲಿ ಮೊದಲು ಬಂದದ್ದು 2006ರಲ್ಲಿ, ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ನವಾಪುರದಲ್ಲಿ. ಅದೂ ನಮ್ಮ ಹಾಗೆ ಗಡಿಯ ಊರೇ, ಪಕ್ಕದಲ್ಲಿಯೇ ಗುಜರಾತು. ಅಲ್ಲಿ ಕೋಳಿಗಳು ಸಾಯತೊಡಗಿದಾಗ ಜನ ಮೊದಲು ಅಂದುಕೊಂಡದ್ದು ರಾಣಿಖೇತ್ ರೋಗವೆಂದೇ. ಹಕ್ಕಿ ಜ್ವರ ಎಂಬುದು ಅಲ್ಲಿಯವರೆಗೆ ಪರದೇಶದ ಸುದ್ದಿ. ಭೋಪಾಲದ ಪ್ರಯೋಗಾಲಯದಿಂದ ಎಚ್5ಎನ್1 ಎಂಬ ಉತ್ತರ ಬಂದದ್ದು ಫೆಬ್ರವರಿ ಮೂರನೆಯ ವಾರದಲ್ಲಿ. ಅಷ್ಟರಲ್ಲಿ ಸಾವಿರಾರು ಕೋಳಿ ಸತ್ತಿದ್ದವು. ಆಮೇಲೆ ಸುತ್ತಮುತ್ತಲಿನ ಕೋಳಿಗಳನ್ನು ಲಕ್ಷಗಟ್ಟಲೆ ಕೊಂದು ಹೂಳಬೇಕಾಯಿತು. ನವಾಪುರಕ್ಕೆ 2021ರಲ್ಲಿ ಅದು ಮತ್ತೊಮ್ಮೆ ಬಂತು.

ನವಾಪುರ ಎಲ್ಲಿ, ಎಡಪ್ಪಾಡಿ ಎಲ್ಲಿ ಎನ್ನಬೇಡಿ. ಆ 2006ರಲ್ಲಿ ಕೋಳಿ ಮೊಟ್ಟೆಯ ಧಾರಣೆ ನಾಮಕ್ಕಲ್‌ನಲ್ಲಿಯೂ ನೆಲ ಕಚ್ಚಿತು. ನಮ್ಮ ಸೇಲಂ ಜಿಲ್ಲೆಯಿಂದ 1997ರಲ್ಲಿ ಬೇರೆಯಾದ ಜಿಲ್ಲೆ ಅದು. ದಿನಕ್ಕೆ ಕೋಟಿಗಟ್ಟಲೆ ಮೊಟ್ಟೆ ಹುಟ್ಟುವ ನಾಡು. ಇಲ್ಲಿಂದ ಸಂಗಗಿರಿ, ತಿರುಚೆಂಗೋಡು ದಾಟಿದರೆ ಅಲ್ಲಿನ ಶೆಡ್ಡುಗಳು ಶುರುವಾಗುತ್ತವೆ. ನಮ್ಮ ಎಷ್ಟೋ ಹುಡುಗರು ಅಲ್ಲಿ ಕೂಲಿಗೆ ಹೋಗಿಬರುತ್ತಾರೆ. ಮನೆಯ ನಾಟಿ ಕೋಳಿ ಸತ್ತ ಅಂಗಳದಲ್ಲಿ ಓಡಾಡಿದ ಚಪ್ಪಲಿ ಮರುದಿನ ಲಕ್ಷ ಕೋಳಿ ಇರುವ ಶೆಡ್ಡಿನ ಬಾಗಿಲಲ್ಲಿ ಇರುತ್ತದೆ. ಈ ವೈರಸ್ಸು ಹಕ್ಕಿಯ ರೆಕ್ಕೆಯ ಮೇಲೆ ಬರುವುದು ಹೌದು. ಆದರೆ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಅದನ್ನು ಸಾಗಿಸುವವರು ಹೆಚ್ಚಾಗಿ ನಾವೇ. ಚಪ್ಪಲಿ, ಲಾರಿಯ ಚಕ್ರ, ಮೊಟ್ಟೆಯ ಅಟ್ಟೆ, ಕೋಳಿ ತುಂಬುವ ಪೆಟ್ಟಿಗೆ, ಇವೇ ಅದರ ವಾಹನ.

ಕರ್ನಾಟಕದಲ್ಲಿ ಬಂಧು ಬಳಗ ಇರುವವರಿಗೆ ಅಲ್ಲಿಯ ಸುದ್ದಿಯೂ ತಿಳಿದಿರಬಹುದು. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ, ಕೇಂದ್ರ ಸರ್ಕಾರದ್ದೇ ಆದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸತ್ತವು, ಹಕ್ಕಿ ಜ್ವರ ಎಂದು ಭೋಪಾಲ ಹೇಳಿತು. ತಿಳಿದವರೇ ನಡೆಸುವ ಫಾರಮ್ಮಿಗೂ ಅದು ನುಗ್ಗಿತು ಎಂದಾದರೆ ನಮ್ಮ ಬುಟ್ಟಿಯ ಕೋಳಿಯ ಪಾಡೇನು! 2017ರ ಜನವರಿಯಲ್ಲಿ ನೀರಹಕ್ಕಿಗಳು ಸತ್ತು ಮೈಸೂರು ಮೃಗಾಲಯವನ್ನು ಒಂದು ತಿಂಗಳು ಮುಚ್ಚಿದರು. 2020ರ ಮಾರ್ಚಿನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆಗಳಲ್ಲಿ ಕೋಳಿಗಳಲ್ಲೇ ಕಾಣಿಸಿತು. ಕೇರಳದ ಆಲಪ್ಪುಳದ ಬಾತುಕೋಳಿ ಸಾಕುವವರಿಗಂತೂ 2014ರಿಂದ ಈಚೆಗೆ ಇದು ಮತ್ತೆ ಮತ್ತೆ ಬರುವ ಕಷ್ಟವಾಗಿದೆ.

ಹಾಗಾದರೆ ತಿಳಿಸಿದರೆ ಏನಾಗುತ್ತದೆ? ನಾನು ಡಾಕ್ಟರಿಗೆ ಹೇಳದೆ ಉಳಿದದ್ದಕ್ಕೆ ಅರ್ಧ ಕಾರಣ, ಇದು ನನಗೆ ಗೊತ್ತಿಲ್ಲದೆ ಇದ್ದದ್ದು. ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಪಶುವೈದ್ಯರು ಬಂದ ಕೂಡಲೇ ಚೂರಿ ತೆಗೆಯುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಒಟ್ಟು ಎಷ್ಟು ಕೋಳಿ ಇದ್ದವು? ಮೊದಲನೆಯದು ಸತ್ತದ್ದು ಯಾವ ದಿನ, ಎಷ್ಟು ಹೊತ್ತಿಗೆ? ದಿನಕ್ಕೆ ಎಷ್ಟೆಷ್ಟು ಸತ್ತವು? ಹಿಂದಿನ ಮೂರು ವಾರದಲ್ಲಿ ಹೊಸ ಕೋಳಿ ತಂದಿರಾ, ಎಲ್ಲಿಂದ? ಯಾರು ಬಂದು ಹೋದರು? ಮೇವು ಎಲ್ಲಿಯದು? ಕೋಳಿ ನೀರು ಕುಡಿಯುವುದು ಎಲ್ಲಿ, ಅಲ್ಲಿ ಕೊಕ್ಕರೆ ಬಾತು ಇಳಿಯುತ್ತವೆಯೇ? ಸತ್ತವನ್ನು ಏನು ಮಾಡಿದಿರಿ? ಯಾರಿಗೆ ಮಾರಿದಿರಿ? ಇದು ನಮ್ಮ ಬ್ಯಾಂಕಿನ ಇನ್‌ಸ್ಪೆಕ್ಷನ್ನಿನ ಹಾಗೆಯೇ. ಹತ್ತು ರೂಪಾಯಿ ವ್ಯತ್ಯಾಸ ಕಂಡರೆ ಇವತ್ತಿನ ಪುಟ ನೋಡಿ ಸುಮ್ಮನಾಗುವುದಿಲ್ಲ, ಲೆಕ್ಕ ಸರಿಯಾಗಿದ್ದ ಕೊನೆಯ ದಿನದವರೆಗೆ ಪುಟ ತಿರುಗಿಸುತ್ತಾ ಹಿಂದಕ್ಕೆ ಹೋಗುತ್ತಾರೆ. ರೋಗ ಎಲ್ಲಿಂದ ಬಂತು, ಎಲ್ಲಿಗೆ ಹೋಗಿರಬಹುದು, ಎರಡೂ ಆ ಹಳೆಯ ಪುಟಗಳಲ್ಲಿ ಇರುತ್ತವೆ. ಸುಳ್ಳು ಹೇಳಿದರೆ ಎರಡೂ ತಪ್ಪಿಹೋಗುತ್ತವೆ.

ಆಮೇಲೆ ಮಾದರಿ ತೆಗೆಯುತ್ತಾರೆ. ಬದುಕಿರುವ, ಕಾಯಿಲೆ ಬಿದ್ದ ಕೋಳಿಯ ಗಂಟಲಿನಿಂದ ಮತ್ತು ಹಿಂಬದಿಯ ದ್ವಾರದಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ತೆಗೆಯುವುದು ಒಂದು. ಆಗ ತಾನೇ ಸತ್ತ ಕೋಳಿಯನ್ನು ಇಡಿಯಾಗಿ ಕಳಿಸುವುದು ಇನ್ನೊಂದು. ಒಂದರೊಳಗೆ ಒಂದರಂತೆ ಮೂರು ಪದರದ ಕಟ್ಟು ಕಟ್ಟಿ, ಐಸಿನ ತಂಪಿನಲ್ಲಿ ಭೋಪಾಲದ ಪ್ರಯೋಗಾಲಯಕ್ಕೆ ಸಾಗಿಸುತ್ತಾರೆ. ಅದೇ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿರೋಗ ಸಂಸ್ಥೆ. ಒಳಗಿನ ಗಾಳಿಯನ್ನು ಕೂಡ ಸೋಸಿಯೇ ಹೊರಗೆ ಬಿಡುವಂಥ ಕಟ್ಟಡ. ಈ ವೈರಸ್ಸನ್ನು ಬೆಳೆಸಿ ಗುರುತಿಸುವುದಕ್ಕೆ ಅಲ್ಲಿ ಬಳಸುವುದು ಮರಿಗಟ್ಟುತ್ತಿರುವ ಕೋಳಿಮೊಟ್ಟೆಯನ್ನೇ! ಈಗ ಅದಕ್ಕಿಂತ ಬೇಗ ಉತ್ತರ ಕೊಡುವ ಪರೀಕ್ಷೆಗಳೂ ಇವೆ. ದಿನಗಟ್ಟಲೆ ಬಿಸಿಲಿನಲ್ಲಿ ಕೊಳೆತ ಕೋಳಿಯಲ್ಲಿ ವೈರಸ್ಸು ಸಿಗುವುದು ಕಷ್ಟ. ಮೊದಲ ದಿನವೇ ಹೇಳಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ವರದಿ ಬರುವವರೆಗೆ ಆ ಸುತ್ತಿನಲ್ಲಿ ಕೋಳಿ, ಮೊಟ್ಟೆ ಸಾಗಾಟಕ್ಕೆ ತಡೆ ಹಾಕುತ್ತಾರೆ. ಇಲ್ಲ ಎಂದು ಬಂದರೆ ತಡೆ ತೆಗೆಯುತ್ತಾರೆ. ಹೌದು ಎಂದು ಬಂದರೆ ಈಗಿನ ನಿಯಮದ ಪ್ರಕಾರ ರೋಗ ಕಂಡ ಜಾಗದಿಂದ 1 ಕಿಲೋಮೀಟರ್ ಸುತ್ತಳತೆಯ ಕೋಳಿಗಳನ್ನು ಕೊಲ್ಲುತ್ತಾರೆ, 10 ಕಿಲೋಮೀಟರ್ ವರೆಗೆ ನಿಗಾ ಇಡುತ್ತಾರೆ. ಶೆಡ್ಡು ತೊಳೆದು ಸುಣ್ಣ, ಔಷಧ ಹಾಕಿ ಮುಚ್ಚುತ್ತಾರೆ. ಆಮೇಲೂ ಸುಮಾರು ಮೂರು ತಿಂಗಳು ಮಾದರಿ ತೆಗೆದು ನೋಡುತ್ತಲೇ ಇರುತ್ತಾರೆ.

ಭಯ ಇರುವುದು ಇಲ್ಲಿಯೇ. ಅದು ಸುಳ್ಳು ಭಯ ಎಂದು ನಾನು ಹೇಳಲಾರೆ. ಒಂದು ಕಿಲೋಮೀಟರ್ ಎಂದರೆ ನಿಮ್ಮ ಮನೆಯೊಂದೇ ಅಲ್ಲ, ಇಡೀ ಕೇರಿ. ‘ಇವನು ಹೇಳಿದ್ದರಿಂದ ನಮ್ಮ ಕೋಳಿ ಹೋಯಿತು’ ಎಂದು ನೆರೆಯವರು ಬೈಯುತ್ತಾರೆ. ಪರಿಹಾರದ ಹಣ ಕೈಗೆ ಬರಲು ತಡವಾಗಬಹುದು, ಒಳ್ಳೆಯ ಜೂಜಿನ ಹುಂಜದ ಬೆಲೆಯಂತೂ ಅದರಲ್ಲಿ ಸಿಗುವುದಿಲ್ಲ. ಇಷ್ಟೂ ನಿಜ. ಆದರೆ ಒಂದು ನಿಯಮ ಗಮನಿಸಿ. ಸರ್ಕಾರ ಪರಿಹಾರ ಕೊಡುವುದು ಇಲಾಖೆಯವರು ಬಂದು ಕೊಲ್ಲುವ ಕೋಳಿಗೆ, ಅದಕ್ಕೆ ಮೊದಲೇ ಸತ್ತ ಕೋಳಿಗಲ್ಲ. ಕೇಂದ್ರ ಮತ್ತು ರಾಜ್ಯ ಆ ಹಣವನ್ನು ಅರ್ಧರ್ಧ ಭರಿಸುತ್ತವೆ. ಎರಡು ಸತ್ತಾಗ ತಿಳಿಸಿದವನಿಗೆ ಉಳಿದ ಹದಿನಾಲ್ಕಕ್ಕೆ ಲೆಕ್ಕ ಸಿಗುತ್ತದೆ. ಹದಿನಾಲ್ಕು ಸತ್ತ ಮೇಲೆ ತಿಳಿಸಿದವನಿಗೆ ಎರಡಕ್ಕೆ. ನಮ್ಮ ಎದುರು ಮನೆಯವರ ಇಪ್ಪತ್ತೆರಡು ಕೋಳಿಯೂ ಹೋದವು, ಅವರಿಗೆ ಬಂದದ್ದು ಸೊನ್ನೆ. ಬೈಗುಳ ತಪ್ಪಿಸಿಕೊಳ್ಳುವುದಕ್ಕಾಗಿ ನಾನು ಅವರಿಗೆ ಕೊಟ್ಟದ್ದು ಆ ಸೊನ್ನೆಯನ್ನು.

ಪಶ್ಚಿಮ ಬಂಗಾಳದಲ್ಲಿ 2008ರ ಜನವರಿಯಲ್ಲಿ ಬೀರಭೂಮ್ ಜಿಲ್ಲೆಯಿಂದ ಶುರುವಾದದ್ದು ದೊಡ್ಡ ಫಾರಮ್ಮುಗಳ ರೋಗವಲ್ಲ, ನಮ್ಮಂಥವರ ಮನೆಯ ಹಿತ್ತಲಿನದು. ಬಡವರು ಕೋಳಿಗಳನ್ನು ಬಚ್ಚಿಟ್ಟರು, ಕದ್ದು ಮಾರಿದರು. ರೋಗ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, ಕೊನೆಗೆ ನಲವತ್ತು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಬೇಕಾಯಿತು. ಬಚ್ಚಿಟ್ಟವರನ್ನು ಬೈಯಲು ನನಗೆ ಬಾಯಿಲ್ಲ. ಅವರಿಗೆ ಹಸಿವಿತ್ತು. ನನಗೆ ಪಿಂಚಣಿ ಇತ್ತು.

ಇನ್ನು ಕಾನೂನು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆಗೆ 2009ರಲ್ಲಿ ಒಂದು ಕೇಂದ್ರ ಕಾಯ್ದೆಯಾಗಿದೆ. ಪಟ್ಟಿಯಲ್ಲಿರುವ ರೋಗ ಇದೆಯೆಂದು ಅನುಮಾನ ಬಂದರೆ ಸಾಕಿದವರು ಗ್ರಾಮಾಧಿಕಾರಿಗೆ ಅಥವಾ ಪಂಚಾಯತಿಗೆ ತಿಳಿಸಬೇಕು ಎಂದು ಅದು ಹೇಳುತ್ತದೆ. ನಮ್ಮಲ್ಲಿ ಎಂದರೆ ವಿ.ಎ.ಓ. ಅಲ್ಲಿಂದ ಮಾತು ಪಶುವೈದ್ಯರಿಗೆ ಹೋಗುತ್ತದೆ. ಅನುಮಾನ ಸಾಕು, ಖಚಿತವಾಗಬೇಕಿಲ್ಲ. ಮತ್ತೊಂದು ವಿಷಯ ನನಗೆ ತಡವಾಗಿ ತಿಳಿಯಿತು. ಆ ಪಟ್ಟಿಯಲ್ಲಿ ಹಕ್ಕಿ ಜ್ವರವೂ ಇದೆ, ಕೊಕ್ಕರೆ ರೋಗವೂ ಇದೆ. ‘ಅದಲ್ಲ, ಇದು’ ಎಂದು ಅಂಗಳದಲ್ಲಿ ನಿಂತು ನಾನು ವಾದಿಸಿದ್ದಕ್ಕೆ ಅರ್ಥವೇ ಇರಲಿಲ್ಲ. ಎರಡರಲ್ಲಿ ಯಾವುದಾಗಿದ್ದರೂ ಹೇಳಲೇಬೇಕಿತ್ತು.

ಮನುಷ್ಯರಿಗೆ ಬರುತ್ತದೆಯೇ ಎಂದು ಕೇಳುತ್ತೀರಿ. ಅಪರೂಪ, ಆದರೆ ಬಂದರೆ ಕೆಟ್ಟದ್ದು. 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ಬಂದು 6 ಜನ ತೀರಿಕೊಂಡರು. ನಮ್ಮ ದೇಶದಲ್ಲಿ 2021ರ ಜುಲೈನಲ್ಲಿ ಹರಿಯಾಣದ ಒಬ್ಬ ಬಾಲಕ ದೆಹಲಿಯ ಆಸ್ಪತ್ರೆಯಲ್ಲಿ ಇದರಿಂದ ತೀರಿಕೊಂಡ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿಂದರೆ ಬರುವುದಿಲ್ಲ. ಅಪಾಯ ಇರುವುದು ಕಾಯಿಲೆಯ ಕೋಳಿಯನ್ನು ಹಿಡಿಯುವ, ಪುಕ್ಕ ಕೀಳುವ, ಕೊಯ್ಯುವ ಕೈಗೆ. ‘ಸಾಯುವ ಮೊದಲು ಕೊಯ್ದು ಸಾರು ಮಾಡಿಬಿಡೋಣ’ ಎನ್ನುವ ನಮ್ಮ ಮನೆಗಳ ಮಾತು ಇದೆಯಲ್ಲ, ಅದನ್ನು ದಯವಿಟ್ಟು ಬಿಡಿ.

ಆದ್ದರಿಂದ ಒಂದೆರಡು ದಿನದಲ್ಲಿ ಕೋಳಿಗಳು ಒಂದರ ಹಿಂದೆ ಒಂದು ಸತ್ತರೆ, ಅಥವಾ ಪೂಲಾಂಪಟ್ಟಿ ಕಡೆ ಕಾವೇರಿಯ ದಂಡೆಯಲ್ಲಿಯೋ ಸರಬಂಗಾ ಹಳ್ಳದಲ್ಲಿಯೋ ಕೊಕ್ಕರೆ, ಕಾಗೆಗಳು ಗುಂಪಾಗಿ ಸತ್ತು ಬಿದ್ದಿದ್ದರೆ, ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ. ಮನೆಯಲ್ಲಿ ಸತ್ತದ್ದನ್ನು ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಎರಡು ಚೀಲದೊಳಗೆ ಕಟ್ಟಿ ನೆರಳಿನಲ್ಲಿ ಇಡಿ, ಕೈಯನ್ನು ಸಾಬೂನಿನಿಂದ ತೊಳೆಯಿರಿ. ವೈದ್ಯರು ನೋಡುವವರೆಗೆ ಹೂಳುವುದು ಬೇಡ, ಸುಡುವುದು ಬೇಡ. ಉಳಿದವನ್ನು ಮುಚ್ಚಿಡಿ, ಮಾರಬೇಡಿ, ನೆಂಟರಿಗೂ ಕೊಡಬೇಡಿ. ‘ಕಾಲ್ನಡೈ ಮರುಂದಗಂ’ ಎಂದು ಬೋರ್ಡು ಇರುತ್ತದಲ್ಲ, ಅದೇ ಪಶು ಚಿಕಿತ್ಸಾಲಯ. ಅಲ್ಲಿಗೆ ಹೇಳಿಕಳಿಸಿ, ನೀವೇ ಹೋಗಬೇಡಿ, ನಿಮ್ಮ ಚಪ್ಪಲಿ ಅಲ್ಲಿಗೆ ಬರುವುದು ಬೇಡ. 1962 ಎಂಬ ಸಂಖ್ಯೆಗೆ ಫೋನು ಮಾಡಿದರೂ ಆಗುತ್ತದೆ, ಅದಕ್ಕೆ ದುಡ್ಡಿಲ್ಲ. ತಮಿಳು ನೆಟ್ಟಗೆ ಬಾರದ ಅಜ್ಜಿಯೂ ‘ಕೋಳಿಯೆಲ್ಲಾಂ ತಿಡೀರ್ನು ಸಾಗುದು’ ಎಂದರೆ ಸಾಕು. ಊರ ಹೆಸರು, ಎಷ್ಟು ಇದ್ದವು, ಎಷ್ಟು ಸತ್ತವು, ಯಾವತ್ತಿನಿಂದ, ಇಷ್ಟು ಸೇರಿಸಿದರೆ ಅವರ ಕೆಲಸ ಅರ್ಧ ಮುಗಿದ ಹಾಗೆ.

ಒಮ್ಮೆ ನಮ್ಮ ಪರಿಚಯದವರೊಬ್ಬರು ಒಂದು ಕಚೇರಿಗೆ ಹೀಗೆ ಹೇಳಲು ಹೋದಾಗ ‘ನಾಲ್ಕು ಕೋಳಿಗೆ ಇಷ್ಟು ಗಲಾಟೆಯೇ?’ ಎಂದು ನಕ್ಕು ಕಳಿಸಿದರಂತೆ. ಹಾಗೆ ನಕ್ಕರೆ ಒಂದು ಹಾಳೆಯಲ್ಲಿ ತಾರೀಖು ಹಾಕಿ ಬರೆದು ವಿ.ಎ.ಓ. ಕೈಗೆ ಕೊಡಿ, ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ಸಹಿ ಬಿದ್ದ ಕಾಗದ ಎಲ್ಲಿಯೂ ಹೋಗುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಹನ್ನೊಂದು ಕೋಳಿ ಇವೆ. ಅಡಿಗೆ ಮನೆಯ ಮೊಳೆಗೆ ನಲವತ್ತು ಪುಟದ ಒಂದು ನೋಟು ಪುಸ್ತಕ ತೂಗುಹಾಕಿದೆ. ಯಾವತ್ತು ಎಷ್ಟು ಮೊಟ್ಟೆ, ಯಾವತ್ತು ಲಸಿಕೆ, ಹೊಸದು ಎಲ್ಲಿಂದ ಬಂತು, ಹಳೆಯದು ಯಾರಿಗೆ ಹೋಯಿತು ಎಂದು ನನ್ನ ಹೆಂಡತಿ ಕನ್ನಡದಲ್ಲಿ ಬರೆಯುತ್ತಾಳೆ, ಮೊಮ್ಮಗಳು ಅದರ ಕೆಳಗೆ ತಮಿಳಿನಲ್ಲಿ ಬರೆಯುತ್ತಾಳೆ. ಹೊಸ ಕೋಳಿ ತಂದರೆ ಮೂರು ವಾರ ಬೇರೆ ಬುಟ್ಟಿಯಲ್ಲಿ. ಕಳೆದ ಯುಗಾದಿಯ ಹೊತ್ತಿಗೆ ಒಂದು ಹೇಂಟೆ ಸತ್ತಿತ್ತು, ಅದೊಂದೇ. ನಾನೇ ಫೋನು ಮಾಡಿದೆ. ಡಾಕ್ಟರು ಬಂದು ನೋಡಿ, ಏನೂ ಇಲ್ಲ, ವಯಸ್ಸಾಗಿತ್ತು ಎಂದರು. ಅವರು ಹೋದ ಮೇಲೆ ಎದುರು ಮನೆಯವರು ಬಾಗಿಲಿಗೆ ಬಂದು ‘ಏನಾಯಿತು ಅಣ್ಣಾ?’ ಎಂದು ಕೇಳಿದರು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಳೆಯದನ್ನೂ ಅದರ ಜೊತೆಗೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಮನೆಗೂ ಅಂಥದೊಂದು ನೋಟು ಪುಸ್ತಕ ತಂದುಕೊಡಲು ಹೇಳಿದರು.